ಮೂರು ಬೆರಳು ಮೇಲೆ

ಬೆಳಿಗ್ಗೆ ಏಳಕ್ಕೇ ಬರಬೇಕೆಂದು ಹೇಳಿಕಳಿಸಿದ್ದರು, ಈಗ ಹನ್ನೊಂದೂಕಾಲು. ಎಗಾನ್ ಡೀರ್ಕ್ಸ್ ಇನ್ನೂ ಕೋಟು ಬಿಚ್ಚಿರಲಿಲ್ಲ. ಬಿಚ್ಚಬೇಕೆಂದರೆ ಎಲ್ಲಿ ತೂಗುಹಾಕಲಿ ಎಂದು ಕೇಳಬೇಕಿತ್ತು, ಕೇಳಿದರೆ ಅಲ್ಲಿದ್ದವರಲ್ಲೊಬ್ಬ ಗೋಡೆಯತ್ತ ಗದ್ದ ಎತ್ತಿ ತೋರಿಸುತ್ತಿದ್ದ, ಗೋಡೆಯಲ್ಲಿ ಮೊಳೆ ಇರುತ್ತಿರಲಿಲ್ಲ, ಆಮೇಲೆ ಕೋಟನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲರೆದುರು ನಿಂತಿರಬೇಕಾಗುತ್ತಿತ್ತು. ಇಷ್ಟೆಲ್ಲ ಯೋಚಿಸಿ ಕೂತೇ ಇದ್ದ. ವೆಡ್ಡಿಂಗ್ ಎಂಬ ಬಡಾವಣೆಯ ಈ ಸ್ಟುಡಿಯೋ ಮೊದಲು ಟ್ರಾಮ್ ಶೆಡ್ಡಾಗಿತ್ತು. ನೆಲದಲ್ಲಿ ಹೂತ ಹಳಿಗಳನ್ನು ಯಾರೂ ಕಿತ್ತಿರಲಿಲ್ಲ. ಅವನ ಕುರ್ಚಿಯ ಒಂದು ಕಾಲು ಹಳಿಯ ಸಂದಿಗೆ ಇಳಿದಿತ್ತು. ಅವನು ಅಲುಗಿದಾಗಲೆಲ್ಲ ಕಟಕ್ಕೆನ್ನುತ್ತಿತ್ತು. ಆಗಲೇ ಒಂದು ಶಾಟು ಆ ಸದ್ದಿನಿಂದ ಹಾಳಾಗಿ, ಧ್ವನಿ ಹಿಡಿಯುವವನು ಕಿವಿಯ ಮೇಲಿನದನ್ನು ತೆಗೆದು ಅವನ ಕಡೆ ನೋಡಿ, ಏನೂ ಅನ್ನದೆ, ಮತ್ತೆ ಹಾಕಿಕೊಂಡಿದ್ದ. ಬೈದಿದ್ದರೆ ವಾಸಿಯಿತ್ತು. ಬೈದರೆ ತಿರುಗಿ ಬೈಯಬಹುದು. ಅರವತ್ತೆರಡು ಚಿತ್ರಗಳಿಗೆ ಛಾಯಾಗ್ರಹಣ ಮಾಡಿದವನು ನಾನು ಎಂದು ಹೇಳಬಹುದು. ಈಗ ಉಸಿರು ಬಿಗಿಹಿಡಿದು, ತೊಡೆಯನ್ನೂ ಬಿಗಿಹಿಡಿದು, ಪರೀಕ್ಷೆಗೆ ಕೂತವನ ಹಾಗೆ ಕೂತಿದ್ದ.

ಅವನನ್ನು ಕರೆಸಿದ್ದು ಈ ಚಿತ್ರದ ನಿರ್ದೇಶಕನಲ್ಲ. ಲಿಯೋನಿ ಹಾಲ್ಮ್ ತನ್ನ ಕರಾರಿನಲ್ಲಿ ಒಂದು ಸಾಲು ಸೇರಿಸಿದ್ದಳು: ನನ್ನ ಕ್ಲೋಸಪ್ಪುಗಳಿಗೆ ಎಗಾನ್ ಡೀರ್ಕ್ಸ್ ಮಾತ್ರ ಬೆಳಕು ಮಾಡಬೇಕು. ಲಿಯೋನಿಯ ಹೆಸರಿಲ್ಲದೆ ಚಿತ್ರಕ್ಕೆ ಹಣ ಹಾಕುವವರಿರಲಿಲ್ಲ, ಹಾಗಾಗಿ ನಿರ್ದೇಶಕ ಯೆಸ್ಸೆನ್ ಒಪ್ಪಿಕೊಂಡಿದ್ದ. ಒಂದು ದಿನ, ಮೂರು ಕ್ಲೋಸಪ್ಪು. ಯೆಸ್ಸೆನ್‌ಗೆ ಇಪ್ಪತ್ತೊಂಬತ್ತು ವರ್ಷ. ದೀಪಗಳೆಂದರೆ ಅವನಿಗೆ ಆಗದು. ದೀಪ ಸುಳ್ಳು ಹೇಳುತ್ತದೆ ಎಂದು ಯಾವುದೋ ಪತ್ರಿಕೆಗೆ ಬರೆದಿದ್ದ. ನಮ್ಮ ಅಪ್ಪಂದಿರು ಇಪ್ಪತ್ತು ವರ್ಷ ದೀಪ ಹಚ್ಚಿಯೇ ದೇಶವನ್ನು ಕತ್ತಲಲ್ಲಿಟ್ಟರು ಎಂದೂ ಬರೆದಿದ್ದ. ಎಗಾನ್ ಅದನ್ನು ಓದಿ ಪತ್ರಿಕೆಯನ್ನು ಮಡಚಿ, ಮತ್ತೆ ಬಿಡಿಸಿ ಇನ್ನೊಂದು ಸಲ ಓದಿದ್ದ. ಬರಹ ಚೆನ್ನಾಗಿತ್ತು ಎನ್ನುವುದೇ ಅವನಿಗೆ ಸಿಟ್ಟು.

"ಡೀರ್ಕ್ಸ್ ಅವ್ರೇ, ಕಾಫಿ ಆಯ್ತಾ?" ಯೆಸ್ಸೆನ್ ಮೂರನೇ ಸಲ ಕೇಳಿದ.

"ಆಯ್ತು."

"ಇನ್ನೊಂದ್ ಹತ್ತು ನಿಮಿಷ ಅಷ್ಟೇ. ಕಿಟಕಿ ಬೆಳಕು ಚೆನ್ನಾಗಿದೆ, ಇದ್ದಾಗ ಮುಗಿಸ್ಕೊಂಡ್ಬಿಡ್ತೀವಿ. ನಿಮ್ಮ ದೀಪಕ್ಕೇನು ಬಿಡಿ, ಮೋಡ ಬಂದ್ರೂ ಸೈ, ಪ್ರಳಯ ಆದ್ರೂ ಸೈ."

ಸುತ್ತಲಿದ್ದವರು ನಕ್ಕರು. ಎಗಾನ್ ಕೂಡ ನಕ್ಕ. ನಕ್ಕದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಪ್ರಳಯ ಆದಾಗ ನಾನು ದೀಪ ಹಿಡಿದು ನಿಂತಿದ್ದೆ ಮಗನೇ, ಮೇಲೆ ಬಾಂಬು ಬೀಳುತ್ತಿತ್ತು, ಕೆಳಗೆ ನಾವು ವಾಲ್ಟ್ಸ್ ನೃತ್ಯ ತೆಗೆಯುತ್ತಿದ್ದೆವು ಎನ್ನಬೇಕಿತ್ತು. ಆದರೆ ಅದು ಹೊಳೆದಾಗ ಯೆಸ್ಸೆನ್ ಕಿಟಕಿಯ ಹತ್ತಿರ ಹೋಗಿಬಿಟ್ಟಿದ್ದ. ಅಲ್ಲದೆ, ಹೇಳಿದ್ದರೂ ಅದು ಹೆಮ್ಮೆ ಪಡುವ ಮಾತಾಗಿತ್ತೇ? ಅವನಿಗೆ ಉತ್ತರ ಯಾವತ್ತೂ ತಡವಾಗಿಯೇ ಬರುವುದು. ಹೆಂಡತಿ ಬಿಟ್ಟುಹೋಗುವ ದಿನ ಬಾಗಿಲಲ್ಲಿ ನಿಂತು ಏನೋ ಕೇಳಿದ್ದಳು, ಅದಕ್ಕೆ ಸರಿಯಾದ ಉತ್ತರ ಹೊಳೆದದ್ದು ಎರಡು ವರ್ಷದ ಮೇಲೆ, ಕ್ಷೌರದಂಗಡಿಯಲ್ಲಿ. ಜೀವಮಾನದಲ್ಲಿ ಒಂದೇ ಒಂದು ಸಲ ಉತ್ತರ ತಕ್ಷಣ ಬಂದಿತ್ತು. ಮೂವತ್ತೇಳನೇ ಇಸವಿ, ಆಗಿನ ಸ್ಟುಡಿಯೋದ ಎರಡನೇ ಮಹಡಿಯ ಕಚೇರಿ, ಆಗತಾನೇ ಮೇಣ ಹಚ್ಚಿ ಉಜ್ಜಿದ ನೆಲದ ವಾಸನೆ. ಮೇಜಿನಾಚೆಗಿದ್ದವನು ಸಭ್ಯ ಮನುಷ್ಯ, ಕೂಗಾಡುವವನಲ್ಲ. ನಿಮ್ಮ ದೀಪದವನಿದ್ದಾನಲ್ಲ, ಪಾಲ್ ಸೊಬೊಟ್ಕಾ, ಅವನ ಹೆಂಡತಿ ಯಹೂದಿ, ಅವಳನ್ನು ಬಿಡು ಅಂದರೆ ಬಿಡುವುದಿಲ್ಲ ಅನ್ನುತ್ತಾನೆ, ಏನು ಮಾಡೋಣ ಹೇಳಿ, ನಮಗೂ ಇಷ್ಟವಿಲ್ಲ, ಅವನಿಲ್ಲದೆ ನಿಮ್ಮ ಕೆಲಸ ನಡೆಯುವುದಿಲ್ಲ ಅಂತ ನೀವೊಂದು ಮಾತು ಬರೆದುಕೊಟ್ಟರೆ ಅವನನ್ನು ತೆಗೆದುಹಾಕುವುದನ್ನು ಒಂದು ವರ್ಷ ಮುಂದೆ ತಳ್ಳಬಹುದು. ನಡೆಯುವುದಿಲ್ಲವೇ?

"ನಡೆಯುತ್ತೆ," ಎಂದಿದ್ದ ಎಗಾನ್. ಆ ಮನುಷ್ಯ ಪ್ರಶ್ನೆ ಮುಗಿಸುವುದರೊಳಗೆ.

ಹೆದರಿಕೆ ಇತ್ತು, ನಿಜ. ಎಲ್ಲರಿಗೂ ಇತ್ತು. ಹೆದರಿಕೆಯನ್ನು ಅವನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡು ಅದನ್ನು ಸವೆದ ನಾಣ್ಯದಂತೆ ನುಣ್ಣಗೆ ಮಾಡಿಕೊಂಡಿದ್ದ. ಹೇಳಿಕೊಳ್ಳದೆ ಉಳಿದದ್ದು ಮೆಟ್ಟಿಲು ಇಳಿಯುವಾಗಿನ ಸಂಗತಿ. ಮೊದಲ ಮಹಡಿಯ ತಿರುವಿನಲ್ಲಿ ಎದೆ ಹಗುರಾಗಿತ್ತು. ಆ ಹಗುರದೊಳಗೆ ಇನ್ನೊಂದು ಬೇರೆಯೇ ಸಂತೋಷ ಸಣ್ಣಗೆ ಮಿಸುಕಾಡಿತ್ತು: ಇನ್ನು ಮೇಲೆ ಆ ದೀಪ ನನ್ನೊಬ್ಬನದೇ. ಹೆಣ್ಣು ಮುಖವನ್ನು ಹಾಲಿನಲ್ಲಿ ಅದ್ದಿ ತೆಗೆದಂತೆ ತೋರಿಸುವ ಆ ಬೆಳಕಿಗೆ ಪತ್ರಿಕೆಗಳು ಆಗಲೇ 'ಡೀರ್ಕ್ಸ್ ಬೆಳಕು' ಎಂದು ಹೆಸರಿಟ್ಟಿದ್ದವು. ಮಾಡಿದವನು ಪಾಲ್. ಹ್ಯಾಟು ಇಡುವ ಡಬ್ಬಿಯಷ್ಟು ದೊಡ್ಡ ದೀಪ, ಅದರ ಮುಂದೆ ಚಹಾದಲ್ಲಿ ನೆನೆಸಿ ಒಣಗಿಸಿದ ರೇಷ್ಮೆ ಬಟ್ಟೆ, ಕ್ಯಾಮೆರಾದ ತಲೆಯ ಮೇಲೇ ಕೂರಿಸುವುದು. ಪತ್ರಿಕೆಯಲ್ಲಿ ಹೆಸರು ಬಂದ ದಿನ ಪಾಲ್ ಅದನ್ನು ಗಟ್ಟಿಯಾಗಿ ಓದಿ ನಕ್ಕಿದ್ದ. "ಡೀರ್ಕ್ಸ್ ಬೆಳಕಂತೆ! ಚಹಾ ಯಾರ ಮನೇದು ಅಂತ ಬರೀಲೇ ಇಲ್ವಲ್ಲೋ." ಆ ನಗುವಿನಲ್ಲಿ ಕಹಿಯೇ ಇರಲಿಲ್ಲ, ಎಗಾನ್‌ಗೆ ಸಹಿಸಲಾಗದೆ ಹೋದದ್ದು ಅದೇ.

ಹನ್ನೆರಡಕ್ಕೆ ಅವನನ್ನು ಲಿಯೋನಿಯ ಮೇಕಪ್ ಕೋಣೆಗೆ ಕಳಿಸಿದರು. ಅವಳು ಕನ್ನಡಿಯೆದುರು ಟವಲು ಸುತ್ತಿಕೊಂಡು, ಬನ್ನಿನೊಳಗಿನ ಸಾಸೇಜನ್ನು ಮಾತ್ರ ಎಳೆದು ತಿನ್ನುತ್ತಿದ್ದಳು. ವಯಸ್ಸು ಐವತ್ತೆಂಟು. ಕಣ್ಣುಗಳು ಹಾಗೇ ಇದ್ದವು. ಅದಕ್ಕೇ ಉಳಿದದ್ದೆಲ್ಲ ಮೋಸಹೋದಂತೆ ಕಾಣುತ್ತಿತ್ತು.

"ಬಾ, ನೋಡು." ಗದ್ದ ಎತ್ತಿ ಕತ್ತು ತೋರಿಸಿದಳು. "ಮುದಿ ಹುಂಜದ ಕತ್ತು. ಆ ಹುಡುಗ ಇದನ್ನ ಕಿಟಕಿ ಬೆಳಕಲ್ಲಿ ತೆಗೀಬೇಕಂತೆ. ಸತ್ಯವಂತೆ! ಅವನಮ್ಮನ ಕತ್ತು ತೆಗೀಲಿ."

"ಲಿಯೋನಿ, ನಿನ್ನ ಹತ್ರ ಒಂದ್ ಮಾತಿದೆ. ಆ ಬೆಳಕು ನಾನು ಮಾಡಿದ್ದಲ್ಲ. ಪಾಲ್..."

"ಮತ್ತೆ ಶುರು ಮಾಡ್ಬೇಡ ನೀನು." ಬನ್ನನ್ನು ತಟ್ಟೆಗೆ ಎಸೆದಳು. "ಐವತ್ತಾರನೇ ಇಸವಿ ಹೊಸ ವರ್ಷದ ಪಾರ್ಟಿಲಿ ಕುಡಿದು ಇದನ್ನೇ ಹೇಳ್ದೆ. ನನ್ನ ಗಂಡನ ಹೆಣದ ಮುಂದೆ ನಿಂತು ಹೇಳ್ದೆ. ಆಗ್ಲಿ, ಪಾಲ್ ಮಾಡಿದ, ಆಯ್ತಾ? ಆ ಸರ್ಕಾರ ಇದ್ದಾಗ ನಾನು ಯಾರ್ಯಾರಿಗೆ ಹೂಗುಚ್ಛ ಕೊಟ್ಟು ಕೈ ಮುಂದೆ ಚಾಚಿ ಸಲ್ಯೂಟ್ ಹೊಡೀತಿದ್ದೆ ಅಂತ ನಿಂಗೂ ಗೊತ್ತು. ನಾನೇನಾದ್ರೂ ಹೆಣದ ಮುಂದೆ ಹೇಳ್ತೀನಾ?"

"ಹೇಳ್ಬೇಕು ಅನ್ಸತ್ತೆ."

"ಪಾದ್ರಿ ಹತ್ರ ಹೋಗು. ಇವತ್ತು ಮೊದಲು ನನ್ನ ಕತ್ತು ನೋಡ್ಕೋ, ಆತ್ಮ ಆಮೇಲೆ ನೋಡ್ಕೊಳ್ಳೋವಂತೆ."

ಅವನು ಹೊರಬಂದ. ಇದೇ ಆಗುತ್ತಿತ್ತು ಪ್ರತಿಸಲವೂ. ಹದಿನೈದು ವರ್ಷದಿಂದ ಅವನು ಹೇಳಲು ಪ್ರಯತ್ನಪಡುತ್ತಿದ್ದ. ಕೇಳುವವರು ಹೆಗಲು ತಟ್ಟಿ, ಲೋಟ ತುಂಬಿ, ಕಾಲ ಹಾಗಿತ್ತು ಬಿಡಿ ಎಂದು ಅವನ ತಪ್ಪನ್ನು ಮಳೆ ಬಿಸಿಲಿನ ಲೆಕ್ಕಕ್ಕೆ ಸೇರಿಸುತ್ತಿದ್ದರು. ಯುದ್ಧ ಮುಗಿದ ಮೇಲಿನ ವಿಚಾರಣೆಯಲ್ಲಿ ಎರಡು ಪುಟದ ಪ್ರಶ್ನೆಗಳಿದ್ದವು. ಆಗ ಆಳುತ್ತಿದ್ದ ಪಕ್ಷದಲ್ಲಿದ್ದಿರಾ, ಇಲ್ಲ. ಯಾರನ್ನಾದರೂ ಹಿಡಿದುಕೊಟ್ಟಿರಾ, ಇಲ್ಲ. ಒಬ್ಬನಿಲ್ಲದೆ ಕೆಲಸ ನಡೆಯುತ್ತದೆ ಎಂದಿದ್ದಿರಾ ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. ಅವನನ್ನು ನಿರ್ದೋಷಿ ಎಂದು ಮುದ್ರೆ ಹಾಕಿ ಕಳಿಸಿದರು. ಈಗ ಸ್ಟುಡಿಯೋದ ಕ್ಯಾಂಟೀನಿನಲ್ಲಿ ಬೇಳೆ ಸಾರು ತಣ್ಣಗಾಗಿತ್ತು. ಅವನು ಅದನ್ನು ನಿಂತೇ ಕುಡಿದ.

ಒಂದೂವರೆಗೆ ಸೆಟ್ಟು ಅವನ ಕೈಗೆ ಬಂತು. ಸೆಟ್ಟೆಂದರೆ ಒಂದು ಅಡುಗೆಮನೆ. ಲಿಯೋನಿ ಮೇಜಿನ ಹಿಂದೆ ಕೂತಿರುತ್ತಾಳೆ. ಮಗ ಗಡಿ ದಾಟಿ ಹೋಗಿದ್ದಾನೆ, ಇನ್ನು ಬರುವುದಿಲ್ಲ ಎನ್ನುವುದನ್ನು ಕೇಳಿಸಿಕೊಂಡು ಸುಮ್ಮನಿರುತ್ತಾಳೆ. ಮಾತಿಲ್ಲ, ಮುಖವೊಂದೇ. ಎಗಾನ್ ಕೊನೆಗೂ ಕೋಟು ಬಿಚ್ಚಿ ನೆಲದ ಮೇಲೇ ಹಾಕಿದ. ಬೆಳಕು ನೆರಳು ನೋಡಲೆಂದು ಕೊರಳಲ್ಲಿ ನೇತುಬಿದ್ದ ನೀಲಿ ಗಾಜನ್ನು ಕಣ್ಣಿಗೆ ಹಿಡಿದ. ಗಾಜಿನೊಳಗೆ ಜಗತ್ತು ಚಿಕ್ಕದಾಗಿ, ಬಣ್ಣ ಕಳೆದುಕೊಂಡು, ತಪ್ಪೊಪ್ಪುಗಳಿಲ್ಲದೆ ನಿಂತಿತು. ಐದು ನಿಮಿಷ ಅವನು ಸುಖಿಯಾಗಿದ್ದ. ದೀಪ ಕ್ಯಾಮೆರಾದ ಮೇಲೆ, ರೇಷ್ಮೆ ದೀಪದ ಮುಂದೆ, ಹಿಂದಿನಿಂದ ಕೂದಲಿಗೆ ಒಂದು ಎಳೆ ಬೆಳಕು. ಎಷ್ಟು ಸಾವಿರ ಸಲ ಮಾಡಿದ್ದು! ಕೈಗೆ ತಾನಾಗಿ ಬರಬೇಕಿತ್ತು.

ಬರಲಿಲ್ಲ. ಮುಖ ಬೆಳಗಿತು, ಜೊತೆಗೆ ಕತ್ತೂ ಬೆಳಗಿತು. ಒಂದೊಂದು ನೆರಿಗೆಯೂ ಹಸ್ತರೇಖೆಯಷ್ಟು ಸ್ಪಷ್ಟ. ದೀಪವನ್ನು ಮೇಲೆತ್ತಿದ. ಕತ್ತು ನೆರಳಿಗೆ ಸರಿಯಿತು, ಆದರೆ ಕಣ್ಣು ಎರಡು ಗುಳಿಗಳಾದವು, ಬುರುಡೆ. ಕೆಳಗೆ ಬಿಳಿ ಹಲಗೆ ಇಡಿಸಿದ. ಕಣ್ಣು ಬಂತು, ಕತ್ತೂ ವಾಪಸು ಬಂತು. ಇಳಿಸಿದ, ಏರಿಸಿದ, ರೇಷ್ಮೆಯನ್ನು ಎರಡು ಮಡಿಕೆ ಮಾಡಿದ. ಎರಡೂ ಮುಕ್ಕಾಲಾಯಿತು. ಬೆನ್ನ ಹಿಂದೆ ಯಾರೋ "ಇದೇನಾ ಆ ಬೆಳಕು?" ಎಂದದ್ದು, ಇನ್ಯಾರೋ ಶ್ ಎಂದದ್ದು ಕೇಳಿಸಿತು. ಆ ಶ್ ಹೆಚ್ಚು ನೋಯಿಸಿತು. ಆಗ ಅವನಿಗೆ ತಿಳಿಯತೊಡಗಿತು: ಪಾಲ್ ಹೋದಮೇಲಿನ ಇಪ್ಪತ್ತೈದು ವರ್ಷವೂ ಬೆಳಕು ಹೀಗೇ ಇತ್ತು, ಬರಿಯ ಅಂದಾಜು. ಎಳೆಯ ಮುಖಗಳಿದ್ದವು, ಎಳೆಯ ಕತ್ತುಗಳಿದ್ದವು; ಅವು ಕ್ಷಮಿಸಿಕೊಂಡು ಬಂದಿದ್ದವು. ಇವತ್ತಿನ ಈ ಮುಖ ಕ್ಷಮಿಸುವ ವಯಸ್ಸು ದಾಟಿತ್ತು.

ಲಿಯೋನಿ ಕೈಗನ್ನಡಿ ತರಿಸಿಕೊಂಡಳು. ನೋಡಿದಳು. ಎಲ್ಲರಿಗೂ ಕೇಳುವಂತೆ, "ಎಗಾನ್, ನಾನು ಕಾಣಿಸ್ತಾ ಇದೀನಿ," ಎಂದಳು.

ಯೆಸ್ಸೆನ್ ಗಡಿಯಾರ ನೋಡಿಕೊಂಡ. ಅವನ ದನಿಯಲ್ಲಿ ಈಗ ಕುಚೋದ್ಯವಿರಲಿಲ್ಲ. "ಹದಿನೈದು ನಿಮಿಷ ಎಲ್ರೂ ಬಿಡುವು ತಗೊಳ್ಳಿ. ಡೀರ್ಕ್ಸ್ ಅವ್ರೇ, ನೀವೂ ಸ್ವಲ್ಪ ಕೂತ್ಕೊಳ್ಳಿ. ಆಗ್ಲಿಲ್ಲ ಅಂದ್ರೆ ಕಿಟಕಿ ಇದ್ದೇ ಇದೆ." ಮರುಕ! ಇಪ್ಪತ್ತೊಂಬತ್ತರವನ ಮರುಕ.

ಎಗಾನ್ ಸೆಟ್ಟಿನ ಗೋಡೆಯ ಹಿಂದೆ, ಕೇಬಲ್ ಸುರುಳಿಗಳ ನಡುವೆ ಹೋಗಿ ನಿಂತ. ಪ್ಲೈವುಡ್ಡಿನ ಹಿಂಬದಿಯಲ್ಲಿ ಬಡಗಿಯ ಪೆನ್ಸಿಲ್ ಗುರುತುಗಳು. ಹೊರಟುಹೋಗಬಹುದು, ಕೋಟು ಮಾತ್ರ ಅಲ್ಲಿ ನೆಲದ ಮೇಲಿದೆ. ಆಗ ಏಣಿಯಿಂದ ಕ್ರೂಸೆ ಇಳಿದುಬಂದ. ಇಲ್ಲಿನ ದೀಪದವರ ಮುಖ್ಯಸ್ಥ, ಅರವತ್ತರವನು. ಊರನ್ನು ಈಗ ಎರಡು ಮಾಡಿರುವ ಗಡಿಗೋಡೆಯಾಚೆಗೆ ಉಳಿದುಹೋದ ಹಳೆಯ ಸ್ಟುಡಿಯೋದಲ್ಲೂ ಎಗಾನ್‌ನ ಚಿತ್ರಗಳಿಗೆ ಮೇಲಿನ ಅಟ್ಟದಿಂದ ದೀಪ ತಿರುಗಿಸುತ್ತಿದ್ದವನು. ಬೆಳಗಿನಿಂದ ಒಂದು ನಮಸ್ಕಾರದ ಹೊರತು ಮಾತಾಡಿರಲಿಲ್ಲ. ಬೀಡಿಯಂಥ ತನ್ನ ಸಣ್ಣ ಸಿಗಾರನ್ನು ಹಚ್ಚದೆ ತುಟಿಯಲ್ಲಿಟ್ಟುಕೊಂಡು ನಿಂತ.

"ಯಜಮಾನ್ರೇ, ಮೂರು ಬೆರಳು ಮೇಲೆತ್ತಿ."

"ಎತ್ತಿ ನೋಡ್ದೆನಲ್ಲ. ಕಣ್ಣು ಹೋಗತ್ತೆ."

"ಹೋಗ್ಲಿ. ಹಲಗೆ ತೆಗ್ಸಿ. ಮೇಡಂ ತೊಡೆ ಮೇಲೆ ಒಂದು ಬಿಳೀ ಕರವಸ್ತ್ರ ಹಾಸಿ. ಹಲಗೆ ಅಗಲ ಆಯ್ತು, ಅದು ಊರೆಲ್ಲ ಬೆಳಗತ್ತೆ. ಕರವಸ್ತ್ರದಿಂದ ಎದ್ದಿದ್ದು ಕಣ್ಣಿಗೆ ಮಾತ್ರ ಸಾಕಾಗತ್ತೆ. ಪಾಲ್ ಹಂಗೇ ಮಾಡ್ತಿದ್ದ. ಬಟ್ಟೆ ಕೊಳೆ ಆಗ್ದೇ ಇರ್ಲಿ ಅಂತ ಹಾಸ್ತಾನೆ ಅಂದ್ಕೊಂಡಿದ್ರು ಮೇಡಂ."

ಎಗಾನ್ ಬಾಯಿ ತೆರೆದ. "ನಿಂಗೆ ಹೇಗೆ ಗೊತ್ತು?"

"ಮೇಲಿಂದ ಎಲ್ಲಾ ಕಾಣತ್ತೆ."

"ಎಲ್ಲಾ ಅಂದ್ರೆ?"

ಕ್ರೂಸೆ ಸಿಗಾರನ್ನು ತುಟಿಯ ಈ ತುದಿಯಿಂದ ಆ ತುದಿಗೆ ಸರಿಸಿದ. "ಡೀರ್ಕ್ಸ್ ಬೆಳಕು ಅಂತ ಪೇಪರ್‌ನೋರು ಅಂತಿದ್ರು. ನಾವ್ ದೀಪದೋರು ಯಾವತ್ತೂ ಅನ್ಲಿಲ್ಲ. ಪಾಲನ ದೀಪ ಅಂತಿದ್ವಿ. ನಿಮ್ಮ ಕಿವಿಗೆ ಬೀಳ್ದಂಗೆ."

"ಕಚೇರಿಲಿ ನಾನೇನು ಹೇಳ್ದೆ ಅನ್ನೋದು..."

"ಟೈಪ್ ಮಾಡೋ ಹೆಂಗಸು ನನ್ನ ನಾದಿನಿ. ಸಂಜೆಗೆಲ್ಲಾ ಗೊತ್ತಾಯ್ತು."

ಇಪ್ಪತ್ತೈದು ವರ್ಷ. ಅವನು ಕೆಳಗೆ ನಿಂತು ಗಾಜು ಹಿಡಿದು ನೋಡುತ್ತಿದ್ದಾಗ, ಅಟ್ಟದ ಕತ್ತಲಲ್ಲಿ ಎಂಟು ಹತ್ತು ಜನ ಅವನನ್ನು ನೋಡುತ್ತಿದ್ದರು. 'ಇನ್ನೊಂದು ಚೂರು ಬಲಕ್ಕೆ' ಎಂದರೆ ಬಲಕ್ಕೆ ತಿರುಗಿಸುತ್ತಿದ್ದರು, 'ಸಾಕು' ಎಂದರೆ ನಿಲ್ಲಿಸುತ್ತಿದ್ದರು, ಹುಟ್ಟುಹಬ್ಬಕ್ಕೆ ಬಾಟಲಿ ಕೊಟ್ಟು ಕೈಕುಲುಕುತ್ತಿದ್ದರು. ಗುಟ್ಟೆಂದು ಅವನು ಎದೆಯಲ್ಲಿಟ್ಟು ಬೆಳೆಸಿದ್ದ ತಪ್ಪು, ಹೇಳಿದರೆ ಎಂಥ ಸಿಡಿಲು ಬಡಿಯುತ್ತದೋ ಎಂದು ತೂಕಮಾಡುತ್ತಿದ್ದ ಆ ದೊಡ್ಡ ತಪ್ಪು, ಊಟದ ಡಬ್ಬಿ ಬಿಚ್ಚುವಾಗಿನ ಮಾತಾಗಿ ಯಾವತ್ತೋ ತಣ್ಣಗಾಗಿತ್ತು. ನಾಚಿಕೆಗಿಂತ ಮೊದಲು ಅವನಿಗೆ ಬಂದದ್ದು ಸಿಟ್ಟು.

"ಮುಖಕ್ಕೆ ಹೇಳ್ಬಹುದಿತ್ತಲ್ಲೋ ನೀವು! ಒಬ್ಬನಾದ್ರೂ ಉಗೀಬಹುದಿತ್ತಲ್ಲ!"

"ನಂಗೂ ಇಬ್ರು ಮಕ್ಳಿದ್ರು ಯಜಮಾನ್ರೇ." ಕ್ರೂಸೆ ಕಣ್ಣು ಕೆಳಗೆ ಮಾಡಿದ. "ನಾನೂ ಹೋಗಿ ಹೇಳ್ಬಹುದಿತ್ತು, ಅವ್ನಿಲ್ದೆ ನಮ್ಮ ಕೆಲ್ಸ ನಡಿಯಲ್ಲ ಅಂತ. ನನ್ನ ಯಾರೂ ಕೇಳ್ಲಿಲ್ಲ. ಕೇಳ್ಲಿಲ್ವಲ್ಲ ಅಂತ ಖುಷಿಯಾಗಿದ್ದೆ."

ಪ್ಲೈವುಡ್ಡಿನಾಚೆ ಯಾರೋ ಕಪ್ಪು ಒಡೆದು ಬೈಸಿಕೊಂಡರು.

"ಪಾಲ್ ಏನಾದ?"

"ಗಡಿಯಾಚೆ ಬ್ರ್ನೋ ಅನ್ನೋ ಊರಿಗೆ ಹೋದ್ರು ಇಬ್ರೂ, ಅವ್ನ ಚಿಕ್ಕಪ್ಪನ ಮನೆಗೆ. ಹೆಂಡ್ತಿ ರೂತ್‌ನ ನಲವತ್ತೆರಡರಲ್ಲಿ ಕ್ಯಾಂಪಿಗೆ ಕರ್ಕೊಂಡ್ ಹೋದ್ರು. ಬರ್ಲಿಲ್ಲ. ಇವ್ನು ಐವತ್ತೊಂದರವರೆಗೂ ಬದುಕಿದ್ದ, ಅಲ್ಲೇ ನಾಟಕ ಕಂಪ್ನೀಲಿ ದೀಪ ಹಚ್ಕೊಂಡು. ಒಂದೇ ಒಂದು ಕಾರ್ಡ್ ಬರೆದಿದ್ದ ನಂಗೆ. ಯುದ್ಧದಲ್ಲಿ ನಿಮ್ಮ ಪಿಕ್ಚರೆಲ್ಲಾ ಅಲ್ಲಿಗೂ ಬರ್ತಿತ್ತಲ್ಲ, ಹೋಗಿ ನೋಡ್ತಿದ್ನಂತೆ."

"ಏನಂತ ಬರೆದಿದ್ದ?"

ಕ್ರೂಸೆ ಸಿಗಾರನ್ನು ತುಟಿಯಿಂದ ತೆಗೆದ. "ಎಗಾನ್ ಇನ್ನೂ ಮೂರು ಬೆರಳು ಕೆಳಗೇ ಇಡ್ತಾನೆ, ಯಾರಾದ್ರೂ ಹೇಳ್ರೋ ಅವ್ನಿಗೆ ಅಂತ."

ಎಗಾನ್ ಪ್ಲೈವುಡ್ಡಿಗೆ ಕೈಯೂರಿ ನಿಂತ. ಹೆಂಡತಿಯನ್ನು ಕಳೆದುಕೊಂಡವನು ಪರದೆಯ ಮುಂದೆ ಕೂತು ತಾನು ಮಾಡಿದ ಬೆಳಕು ತಪ್ಪಾಗಿರುವುದನ್ನು ನೋಡಿದ್ದ. ನೋಡಿ, ಶಪಿಸದೆ, ತಿದ್ದಲು ಹೇಳಿಕಳಿಸಿದ್ದ. ಅಳು ಬರಬಹುದೆಂದು ಕಾದ. ಬರಲಿಲ್ಲ. ಮೂರು ಬೆರಳು, ಕರವಸ್ತ್ರ, ಹಲಗೆ ಬೇಡ ಎಂದು ತಲೆ ತನ್ನ ಪಾಡಿಗೆ ಲೆಕ್ಕ ಹಾಕುತ್ತಿತ್ತು. ಅದೇ ಅವನ ಸ್ವಭಾವ, ಆ ದಿನ ಮೆಟ್ಟಿಲ ಮೇಲಿದ್ದದ್ದೂ ಇದೇ.

ಅವನು ವಾಪಸು ಹೋಗಿ ಹಲಗೆ ತೆಗೆಸಿದ. ತನ್ನ ಕರವಸ್ತ್ರ ಬಿಳಿಯಿರಲಿಲ್ಲ. ಕ್ಯಾಂಟೀನಿನಿಂದ ಕೈ ಒರೆಸುವ ಬಿಳಿ ಬಟ್ಟೆಯೊಂದನ್ನು ತರಿಸಿ ಲಿಯೋನಿಯ ತೊಡೆಯ ಮೇಲೆ ಹಾಸಿದ. ಅವಳು ಬಟ್ಟೆಯನ್ನು ನೋಡಿದಳು. ಅವನ ಮುಖ ನೋಡಿದಳು. ಏನೋ ನೆನಪಾಗಿ, ಬಟ್ಟೆಯ ಅಂಚನ್ನು ತಾನೇ ಸರಿಮಾಡಿಕೊಂಡಳು. ಎಗಾನ್ ದೀಪದ ಪಕ್ಕಕ್ಕೆ ಬೆರಳಿಟ್ಟು ಅಳೆದು, ಮೂರು ಬೆರಳು ಎತ್ತಿ ತಿರುಪು ಬಿಗಿದ. ಗಾಜು ಬೇಕಾಗಲೇ ಇಲ್ಲ. ಕತ್ತು ಮೆಲ್ಲಗೆ ನೆರಳೊಳಗೆ ಇಳಿದುಹೋಯಿತು, ಮುಖ ಮಾತ್ರ ಉಳಿಯಿತು. ಆದರೆ ಅದು ಎಳೆಯ ಮುಖವಾಗಲಿಲ್ಲ. ವಯಸ್ಸು ಹಾಗೇ ಇತ್ತು, ಅವಮಾನ ಇರಲಿಲ್ಲ. ಇದು ಅವನಿಗೆ ಗೊತ್ತೇ ಇರಲಿಲ್ಲ. ಹಾಲಲ್ಲಿ ಅದ್ದುವ ಬೆಳಕು ಎಂದುಕೊಂಡು ಇಷ್ಟು ವರ್ಷ ಹಾಲನ್ನೇ ಹುಯ್ದಿದ್ದ. ಯೆಸ್ಸೆನ್ ಪಿಸುದನಿಯಲ್ಲಿ, "ತಗೀರಿ, ತಗೀರಿ," ಎಂದ. ಒಂದೇ ಸಲಕ್ಕೆ ಶಾಟು ಮುಗಿಯಿತು. ಆಮೇಲಿನ ಎರಡೂ ಅರ್ಧ ಗಂಟೆಯಲ್ಲಿ ಮುಗಿದವು.

ಯೆಸ್ಸೆನ್ ಬಂದು ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು. "ನಾನು ಬರೆದಿದ್ದೆಲ್ಲಾ ವಾಪಸ್ ತಗೋತೀನಿ ಡೀರ್ಕ್ಸ್ ಅವ್ರೇ. ಕಿಟಕಿ ಈ ಸತ್ಯ ಹೇಳ್ತಿರ್ಲಿಲ್ಲ."

"ಇದು ನನ್ನದಲ್ಲ," ಎಂದ ಎಗಾನ್. ಗಟ್ಟಿಯಾಗಿಯೇ ಅಂದ, ಎಲ್ಲರೂ ಕೇಳಲಿ ಎಂದು. "ಇದನ್ನ ಮಾಡಿದೋನು ಪಾಲ್ ಸೊಬೊಟ್ಕಾ, ನನ್ನ ದೀಪದೋನು. ಅವನನ್ನ ಓಡಿಸ್ದಾಗ ಅವನಿಲ್ದೆ ನಡಿಯತ್ತೆ ಅಂತ ಹೇಳಿದೋನು ನಾನು."

ಯೆಸ್ಸೆನ್ ಇನ್ನೂ ಕೈ ಬಿಟ್ಟಿರಲಿಲ್ಲ. ಅವನ ಮುಖ ಇನ್ನಷ್ಟು ಕರಗಿತು. "ನೋಡ್ರಪ್ಪಾ," ಎಂದು ತನ್ನವರ ಕಡೆ ತಿರುಗಿದ, "ದೊಡ್ಡೋರು ಅಂದ್ರೆ ಹೀಗಿರ್ತಾರೆ. ಇಂಥಾ ಕೆಲ್ಸ ಮಾಡಿ ಇನ್ನೊಬ್ರ ಹೆಸರು ಹೇಳ್ತಾರೆ." ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಲಿಯೋನಿಯೂ ತಟ್ಟಿದಳು, ಅವನ ಕಡೆ ನೋಡದೆ. ಚಪ್ಪಾಳೆಯ ನಡುವೆ ಎಗಾನ್ "ಅಲ್ಲ, ಅಲ್ಲ" ಎನ್ನುತ್ತಿದ್ದ, ಅದು ಇನ್ನೂ ಹೆಚ್ಚಿನ ವಿನಯದಂತೆ ಕಾಣುತ್ತಿತ್ತು. ಬಾಯಿ ಮುಚ್ಚಿದ. ಚಪ್ಪಾಳೆ ನಿಂತಿತು, ಜನ ಚದುರಿದರು.

ಕೋಟು ಕೊಡವಿಕೊಳ್ಳುತ್ತಿದ್ದಾಗ ಹಾನ್‌ಕೆ ಎನ್ನುವ ತರುಣಿ ಹಲಗೆಗೆ ಸಿಕ್ಕಿಸಿದ ಹಾಳೆ ಹಿಡಿದು ಬಂದಳು. ದಿನದ ಚಿತ್ರೀಕರಣದ ವಿವರಗಳನ್ನೆಲ್ಲ ಬರೆದಿಡುವುದು ಅವಳ ಕೆಲಸ.

"ಸಾರ್, ಈ ಬೆಳಕಿಗೆ ಏನಂತ ಬರ್ಕೊಳ್ಲಿ? ಡೀರ್ಕ್ಸ್ ಅಂತ್ಲಾ?"

"ಸೊಬೊಟ್ಕಾ ಅಂತ ಬರಿ."

ಅವಳು ಎರಡಕ್ಷರ ಬರೆದು ನಿಲ್ಲಿಸಿದಳು. "ಮಧ್ಯದಲ್ಲಿ 'ಟ'ನಾ ಸಾರ್, 'ಡ'ನಾ? ಕೇಳೋಕೆ ಎರಡೂ ಒಂದೇ ಥರ ಇರತ್ತೆ."

ಎಗಾನ್ ಹೇಳಲು ಹೋದ. ಹನ್ನೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದ್ದ, ದಿನಕ್ಕೆ ಐವತ್ತು ಸಲ ಕೂಗಿದ್ದ, ಅವನ ಮದುವೆಯಲ್ಲಿ ಸಾಕ್ಷಿಯಾಗಿ ನಿಂತಿದ್ದ. ಒಂದೇ ಒಂದು ಸಲವೂ ಆ ಹೆಸರನ್ನು ಬರೆದಿರಲಿಲ್ಲ.

"ಗೊತ್ತಿಲ್ಲ," ಎಂದ. "ಇರು."

ಹಳಿಗಳನ್ನು ದಾಟಿಕೊಂಡು ಏಣಿಯ ಬುಡಕ್ಕೆ ಹೋಗಿ, ತಲೆಯೆತ್ತಿ, "ಕ್ರೂಸೆ! ಪಾಲ್ ಹೆಸರು ಬರೆಯೋದು ಹೇಗೆ?" ಎಂದು ಕೂಗಿದ. ಚದುರಿದ್ದವರು ತಿರುಗಿ ನೋಡಿದರು. ಅಟ್ಟದ ಮೇಲೆ ಕೇಬಲ್ ಸುತ್ತುತ್ತಿದ್ದ ಸದ್ದು ನಿಂತಿತು. ಕ್ರೂಸೆ ಮೇಲಿನಿಂದ ಒಂದೊಂದೇ ಅಕ್ಷರವನ್ನು, ಕಿವುಡರಿಗೆ ಹೇಳುವಂತೆ ಬಿಡಿಸಿ ಬಿಡಿಸಿ, ಕೂಗಿ ಹೇಳಿದ. ಎಗಾನ್ ಪ್ರತಿ ಅಕ್ಷರವನ್ನೂ ತಾನೂ ಹೇಳಿದ. ಹಾನ್‌ಕೆ ಬರೆದುಕೊಂಡಳು.

ಕೊನೆಯ ಅಕ್ಷರ ಬರೆದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ ಅವಳು ಕೇಳಿದಳು: "ಇವ್ರು ನಾಳೆ ಬರ್ತಾರಾ ಸಾರ್?"